ಏಳಡಿ ಅಗಲದಲ್ಲಿ 12 ಮಕ್ಕಳು

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟಿನ ಅಗಲ 6 ಅಡಿ 10 ಇಂಚು. ಉದ್ದ ಬೇಕಾದರೆ 70 ಅಡಿ. ನಮ್ಮ ಕೆಂಪು ಬಸ್ಸಿಗಿಂತ ಅಗಲದಲ್ಲಿ ಒಂದಡಿಗೂ ಹೆಚ್ಚು ಕಿರಿದು, ಉದ್ದದಲ್ಲಿ ಹತ್ತಿರ ಹತ್ತಿರ ಎರಡರಷ್ಟು. ಮಲಗುವ ಹಲಗೆ, ಅಡುಗೆಮನೆ, ಕಕ್ಕಸು, ಊಟದ ಮೇಜು ಎಲ್ಲ ಅದರೊಳಗೇ ಆಗಬೇಕು. ಇಂಥದ್ದರಲ್ಲಿ 12 ಮಂದಿ ಹದಿಹರೆಯದವರನ್ನೂ ಇಬ್ಬರು ಮೂವರು ದೊಡ್ಡವರನ್ನೂ ಒಂದು ವಾರದ ಮಟ್ಟಿಗೆ ಕಳಿಸುವುದು ಶಿಕ್ಷೆ ಅಂತ ಯಾರಿಗಾದರೂ ಅನಿಸಿದರೆ ತಪ್ಪಿಲ್ಲ. ಆದರೆ ಬ್ರಿಟನ್ನಿನ ಯುವಕ ಸಂಘಗಳು, ಸ್ಕೌಟ್ ತಂಡಗಳು, ಬಡವರ ಬಡಾವಣೆಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಅದಕ್ಕೆಂದೇ ದೋಣಿ ಕಟ್ಟಿಕೊಂಡಿದ್ದಾರೆ. ಎಷ್ಟೋ ಕಡೆ ಕೂಲಿ ಕೊಟ್ಟು ಕಟ್ಟಿಸಿದ್ದಲ್ಲ. ಶನಿವಾರ, ಭಾನುವಾರ ತಾವೇ ಮರ ಕೊಯ್ದು, ಮೊಳೆ ಹೊಡೆದು, ಬಣ್ಣ ಬಳಿದು ನೀರಿಗಿಳಿಸಿದ್ದು. ಕಮ್ಯುನಿಟಿ ಬೋಟ್ ಎಂದು ಅವುಗಳನ್ನು ಕರೆಯುತ್ತಾರೆ.

ದೋಣಿ ಕಟ್ಟಿದವರ ಉತ್ಸಾಹಕ್ಕಿಂತ ಈ ಚರಿತ್ರೆಯಲ್ಲಿರುವ ಒಂದು ತಿರುವು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಮಕ್ಕಳನ್ನು ಇಂಥ ದೋಣಿಗಳಿಂದ ಇಳಿಸಿ ಶಾಲೆಗೆ ಕಳಿಸಬೇಕೆಂದು ಕಾನೂನು ಮಾಡಿದ ದೇಶವೇ, ನೂರು ವರ್ಷ ಕಳೆಯುವ ಹೊತ್ತಿಗೆ, ಶಾಲೆ ಒಗ್ಗದ ಮಕ್ಕಳನ್ನು ತಾನಾಗಿ ಅಂಥದ್ದೇ ದೋಣಿಗೆ ಹತ್ತಿಸಿತು.

ನಮಗೆ ನಾಲೆ ಎಂದರೆ ಗದ್ದೆಗೆ ನೀರು ಹರಿಸುವುದು. ಇಂಗ್ಲೆಂಡಿನವರಿಗೆ ಅದು ಸರಕಿನ ಹೆದ್ದಾರಿಯಾಗಿತ್ತು. ಬ್ರಿಜ್‌ವಾಟರ್ ಡ್ಯೂಕ್ ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಸಾಗಿಸಲು ತೋಡಿಸಿದ ಕಾಲುವೆ 1761ರಲ್ಲಿ ತೆರೆಯಿತು. ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಆ ಕೆಲಸದಲ್ಲಿ ಹೆಸರು ಮಾಡಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮುಂದೆ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸಲು ಹೊರಟ. ದಾರಿಯಲ್ಲಿ ಹೇರ್‌ಕ್ಯಾಸಲ್ ಗುಡ್ಡ ಅಡ್ಡ ಬಂತು. ಒಂದೂವರೆ ಮೈಲಿಗೂ ಉದ್ದದ ಸುರಂಗ ಕೊರೆಯಬೇಕು. ಸುರಂಗ ಅಗಲವಾದಷ್ಟೂ ಖರ್ಚು; ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿ, ಅಂದರೆ ಲಾಕು, ದೊಡ್ಡದಾದಷ್ಟೂ ನೀರು. ಎರಡನ್ನೂ ಉಳಿಸಲು ಲಾಕಿನ ಅಗಲವನ್ನು ಸುಮಾರು 7 ಅಡಿಗೆ ನಿಲ್ಲಿಸಿದರು. ಬ್ರಿಂಡ್ಲಿ 1772ರಲ್ಲಿ ತೀರಿಕೊಂಡ, ಸುರಂಗ ಮುಗಿದದ್ದು 1777ರಲ್ಲಿ. ಆದರೆ ಆ 7 ಅಡಿ ಇಂಗ್ಲೆಂಡಿನ ನಡುನಾಡಿನ ಕಾಲುವೆಗಳಿಗೆಲ್ಲ ಅಳತೆಯಾಗಿ ಉಳಿಯಿತು. ಖರ್ಚು ಉಳಿಸಲು ಮಾಡಿದ ಆ ಲೆಕ್ಕ ಇವತ್ತಿಗೂ ಮಕ್ಕಳ ಮಂಚದ ಅಗಲವನ್ನು ತೀರ್ಮಾನಿಸುತ್ತಿದೆ.

ಒಂದು ಕುದುರೆ ದಡದ ಮೇಲೆ ನಡೆಯುತ್ತ 25ರಿಂದ 30 ಟನ್ ಸರಕಿನ ದೋಣಿಯನ್ನು ಎಳೆಯುತ್ತಿತ್ತು. ರೈಲು ಬಂದಮೇಲೆ ಬಾಡಿಗೆ ಇಳಿಯಿತು. ಆಳಿಗೆ ಸಂಬಳ ಕೊಡಲಾಗದ ದೋಣಿಗಾರರು ಮನೆ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ದೋಣಿಗೇ ಬಂದರು. ಹಿಂಭಾಗದ ಹತ್ತಡಿಯೊಳಗಿನ ಕೋಣೆಯಲ್ಲೇ ಸಂಸಾರ. ಮಕ್ಕಳು ಕುದುರೆ ನಡೆಸಿದರು, ಲಾಕಿನ ಗೇಟು ತಳ್ಳಿದರು, ಚುಕ್ಕಾಣಿ ಹಿಡಿದರು. ಓದು ಬರಹ ಮಾತ್ರ ಹತ್ತಲಿಲ್ಲ, ಯಾಕೆಂದರೆ ಯಾವ ಊರಿನಲ್ಲೂ ದೋಣಿ ಎರಡು ದಿನ ನಿಲ್ಲುತ್ತಿರಲಿಲ್ಲ. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬಾತ ಇದನ್ನು ಹಿಡಿದು ಗದ್ದಲ ಮಾಡಿದ. ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಮಕ್ಕಳ ಪರವಾಗಿ ಮೊದಲೇ ಹೋರಾಡಿದ್ದವನು. ಅವನ ಒತ್ತಡದಿಂದ 1877ರಲ್ಲಿ ಕಾಲುವೆ ದೋಣಿಗಳ ಕಾಯ್ದೆ ಬಂತು. ದೋಣಿಗೆ ನೋಂದಣಿ, ಒಳಗೆ ಎಷ್ಟು ಮಂದಿ ಇರಬಹುದೆಂಬ ಮಿತಿ, ಮಕ್ಕಳಿಗೆ ಶಾಲೆ. ಸಾಲದೆಂದು 1884ರಲ್ಲಿ ತಿದ್ದುಪಡಿಯಾಯಿತು. ಕಾಯ್ದೆಯಿಂದ ಶಾಲೆ ತುಂಬಿತೇ ಎಂದರೆ ಇಲ್ಲ. 1930ರಲ್ಲಿ ಲಂಡನ್ ಹತ್ತಿರದ ವೆಸ್ಟ್ ಡ್ರೇಟನ್‌ನಲ್ಲಿ ‘ಎಲ್ಸ್‌ಡೇಲ್’ ಎಂಬ ಬಾರ್ಜನ್ನೇ, ಅಂದರೆ ಅಗಲವಾದ ಸರಕು ದೋಣಿಯನ್ನೇ, ಶಾಲೆ ಮಾಡಿ ನಿಲ್ಲಿಸಬೇಕಾಯಿತು.

ಎರಡನೇ ಮಹಾಯುದ್ಧದ ನಂತರ ಲಾರಿಗಳು ಉಳಿದ ಸರಕನ್ನೂ ಕಿತ್ತುಕೊಂಡವು. 1948ರಲ್ಲಿ ಬಹುಪಾಲು ಕಾಲುವೆಗಳು ರಾಷ್ಟ್ರೀಕರಣವಾದವು. 1962–63ರ ಚಳಿಗಾಲದಲ್ಲಿ ನೀರೆಲ್ಲ ಹೆಪ್ಪುಗಟ್ಟಿ ದೋಣಿಗಳು ವಾರಗಟ್ಟಲೆ ಸಿಕ್ಕಿಹಾಕಿಕೊಂಡವು. ಗಿರಾಕಿಗಳು ಹೋದವರು ಹಿಂದಿರುಗಲಿಲ್ಲ. 1963ರಲ್ಲಿ ಸರ್ಕಾರಿ ಸಂಸ್ಥೆ ನ್ಯಾರೋಬೋಟ್ ಸಾಗಣೆಯನ್ನು ಬಹುಪಾಲು ನಿಲ್ಲಿಸಿಬಿಟ್ಟಿತು. ಊರುಗಳು ಕಾಲುವೆಗೆ ಬೆನ್ನು ಮಾಡಿ ಬೆಳೆದವು. ಹಳೆ ಹಾಸಿಗೆ, ಸೈಕಲ್ಲು, ಸತ್ತ ನಾಯಿ, ಎಲ್ಲಕ್ಕೂ ಅದೇ ಜಾಗ. ನಮ್ಮ ಊರೊಳಗಿನ ರಾಜಕಾಲುವೆಗಳನ್ನು ಕಂಡವರಿಗೆ ಆ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಆ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಬೇಕೆಂದವರು ಬಹಳ ಮಂದಿ. ಮುಚ್ಚಕೂಡದೆಂದವರು ಕೆಲವರು. ಟಾಮ್ ರೋಲ್ಟ್ ‘ಕ್ರೆಸಿ’ ಎಂಬ ತನ್ನ ದೋಣಿಯಲ್ಲಿ ಸುತ್ತಿ ಬರೆದ ಪುಸ್ತಕ 1944ರಲ್ಲಿ ಬಂತು. ಅದನ್ನೋದಿದ ರಾಬರ್ಟ್ ಐಕ್‌ಮನ್ ಅವನ ಜೊತೆ ಸೇರಿ 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಕಟ್ಟಿದ. (ಇಬ್ಬರೂ ಕೆಲವೇ ವರ್ಷಗಳಲ್ಲಿ ಜಗಳವಾಡಿ ಬೇರೆಯಾದರು. ಸ್ವಯಂಸೇವೆಯ ಚರಿತ್ರೆಯಲ್ಲಿ ಜಗಳಕ್ಕೆ ಸಿಗಬೇಕಾದಷ್ಟು ಪುಟ ಸಿಗುವುದಿಲ್ಲ.) ಮಾತಿನಿಂದ ಸಲಿಕೆಗೆ ಇಳಿದದ್ದು ಅರವತ್ತರ ದಶಕದಲ್ಲಿ. ಡೇವಿಡ್ ಹಚಿಂಗ್ಸ್ ಎಂಬ ವಾಸ್ತುಶಿಲ್ಪಿ ಸ್ವಯಂಸೇವಕರು, ಸೈನಿಕರು, ಕೊನೆಗೆ ಜೈಲಿನ ಕೈದಿಗಳನ್ನೂ ಸೇರಿಸಿಕೊಂಡು ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗವನ್ನು ಮತ್ತೆ ಹರಿಯುವಂತೆ ಮಾಡಿದ. 1964ರಲ್ಲಿ ರಾಜಮಾತೆ ಬಂದು ಉದ್ಘಾಟಿಸಿದರು. 1968ರ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ಮ್ಯಾಂಚೆಸ್ಟರಿನ ಆಷ್ಟನ್ ಕಾಲುವೆಗೆ ಸುಮಾರು 600 ಮಂದಿ ಇಳಿದು 2,000 ಟನ್ ಕಸ ಎತ್ತಿದರು. ದಡದಲ್ಲಿ ನಿಂತು ಅದನ್ನು ನೋಡಿದವರಲ್ಲಿ ಆ ಬೀದಿಗಳ ಮಕ್ಕಳೂ ಇದ್ದಿರಲೇಬೇಕು.

ಆ ಹೊತ್ತಿಗಾಗಲೇ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಒಬ್ಬ ಜಹಗೀರುದಾರ ಮಕ್ಕಳನ್ನು ನೀರಿಗಿಳಿಸಿದ್ದ. ವೈಕೌಂಟ್ ಸೇಂಟ್ ಡೇವಿಡ್ಸ್, ಅಂದರೆ ಜೆಸ್ಟಿನ್ ಫಿಲಿಪ್ಸ್, ಹೌಸ್ ಆಫ್ ಲಾರ್ಡ್ಸ್ ಸದಸ್ಯ, ರೀಜೆಂಟ್ಸ್ ಕಾಲುವೆಯ ಪಕ್ಕದ ನಿವಾಸಿ. ಬೀದಿಯಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಹುಡುಗ ಹುಡುಗಿಯರಿಗೆ ದೋಣಿ ಕೊಟ್ಟು 1966ರಲ್ಲಿ ‘ಪೈರೇಟ್ ಕ್ಲಬ್’ ಶುರುಮಾಡಿದ. ಕಡಲ್ಗಳ್ಳರ ಸಂಘ! ಹೆಸರು ಕೇಳಿಯೇ ಅರ್ಧ ಮಕ್ಕಳು ಬಂದಿರಬೇಕು. ಮೊದಲ ವರ್ಷಗಳಲ್ಲಿ ಒಂದು ಹಳೆಯ ಬಾರ್ಜೇ ಕಚೇರಿ, ಅದೇ ಆಟದ ಕೋಣೆ. ಆಮೇಲೆ ದಡದಲ್ಲಿ ಕೋಟೆಯ ಆಕಾರದ ಕಟ್ಟಡ ಎದ್ದಿತು; ನಕ್ಷೆ ಮಾಡಿದವನು ಲಂಡನ್ನಿನ ಸೆಂಟರ್ ಪಾಯಿಂಟ್ ಗೋಪುರ ಕಟ್ಟಿದ ರಿಚರ್ಡ್ ಸೈಫರ್ಟ್. 1977ರಲ್ಲಿ ತೆರೆದ ಆ ‘ಪೈರೇಟ್ ಕ್ಯಾಸಲ್’ ಇನ್ನೂ ನಡೆಯುತ್ತಿದೆ. ಎದುರು ದಡದಲ್ಲಿ ಕಾಲುವೆ ನೀರಿನಿಂದ ಭೂಗತ ವಿದ್ಯುತ್ ಕೇಬಲ್ಲುಗಳನ್ನು ತಂಪು ಮಾಡುವ ಪಂಪ್‌ಹೌಸ್ ಇದೆ. ಅದಕ್ಕೂ ಕೋಟೆಯ ವೇಷವನ್ನೇ ಹಾಕಿದ್ದಾರೆ. ಪಕ್ಕದ ಇಸ್ಲಿಂಗ್ಟನ್‌ನಲ್ಲಿ ಕ್ರಿಸ್ಟಲ್ ಹೇಲ್ ಎಂಬ ಮಹಿಳೆ 1970ರಲ್ಲಿ ಸಿಟಿ ರೋಡ್ ಬೇಸಿನ್‌ನಲ್ಲಿ ಇಂಥದ್ದೇ ದೋಣಿ ಸಂಘ ಕಟ್ಟಿದರು. ಯಾರಿಗೂ ಬೇಡವಾದ ನೀರಾದ್ದರಿಂದ ಮಕ್ಕಳಿಗೆ ಅಗ್ಗದಲ್ಲಿ ದಕ್ಕಿತು ಎಂಬುದನ್ನು ಮರೆಯಬಾರದು. ಇವತ್ತು ಅದೇ ದಡದ ಮನೆಗಳಿಗೆ ಬಾಯಿಗೆ ಬಂದ ಬೆಲೆ.

ಸಣ್ಣ ದೋಣಿ, ಕಯಾಕ್ ಇದ್ದರೆ ಸಂಜೆ ಕಳೆಯಬಹುದು. ರಾತ್ರಿ ತಂಗಿ ಊರೂರು ದಾಟಲು ನ್ಯಾರೋಬೋಟೇ ಬೇಕು. ಸಾಗಣೆ ನಿಂತು ಖಾಲಿ ಬಿದ್ದ ದೋಣಿಗಳಿಗೆ ಟಾರ್ಪಾಲು ಹೊದಿಸಿ, ಸರಕು ತುಂಬುತ್ತಿದ್ದ ಜಾಗದಲ್ಲಿ ಸ್ಕೌಟ್‌ಗಳನ್ನು ಮಲಗಿಸುವ ಕ್ಯಾಂಪಿಂಗ್ ದೋಣಿಗಳು ಆಗಲೇ ಓಡತೊಡಗಿದ್ದವು. ಇನ್ನೊಂದು ಕಡೆಯಿಂದ ಕಾನೂನೂ ದಾರಿ ತೆರೆಯಿತು. 1969ರ ಮಕ್ಕಳ ಕಾಯ್ದೆಯಡಿ, ಪುಂಡಾಟಕ್ಕೆ ಸಿಕ್ಕಿಬಿದ್ದ ಮಕ್ಕಳನ್ನು ಮನೆಯಿಂದ ಪೂರ್ತಿ ಬೇರ್ಪಡಿಸದೆ, ಚಟುವಟಿಕೆಗಳ ಮೂಲಕ ತಿದ್ದುವ ‘ಇಂಟರ್‌ಮೀಡಿಯಟ್ ಟ್ರೀಟ್‌ಮೆಂಟ್’ ಎಂಬ ವ್ಯವಸ್ಥೆ ಬಂತು. ಬೆಟ್ಟ ಹತ್ತಿಸುವುದು, ಶಿಬಿರ ಹೂಡುವುದು ಇದ್ದವು, ದೋಣಿಯೂ ಸೇರಿತು. ಕಾರ್ಮಿಕ ಬಡಾವಣೆಯ ಮಕ್ಕಳಿಗೆ ವೇಲ್ಸ್‌ನ ಬೆಟ್ಟ ದೂರ, ಕಾಲುವೆ ಮನೆ ಹಿಂದೆಯೇ.

ಸ್ವಯಂಸೇವಕರು ದೋಣಿ ಕಟ್ಟುವ ಕ್ರಮ ಬಹುಮಟ್ಟಿಗೆ ಒಂದೇ. ಉಕ್ಕಿನ ಹೊರಮೈಯನ್ನು, ಅವರು ಶೆಲ್ ಎನ್ನುವುದನ್ನು, ಸಾಮಾನ್ಯವಾಗಿ ಕಸುಬುದಾರರಿಂದಲೇ ಮಾಡಿಸುತ್ತಾರೆ. ತಳಕ್ಕೆ 10 ಮಿಲಿಮೀಟರ್, ಪಕ್ಕಕ್ಕೆ 6, ಮೇಲಿನ ಕೋಣೆಗೆ 4 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ. ತಂಡದಲ್ಲಿ ಕಾರ್ಖಾನೆಯ ವೆಲ್ಡರ್‌ಗಳಿದ್ದರೆ ಅದಕ್ಕೂ ತಾವೇ ಕೈಹಾಕುವುದುಂಟು. ಆಮೇಲಿನ ಕೆಲಸ ಪೂರ್ತಿ ತಮ್ಮದು. ಖಾಲಿ ಉಕ್ಕಿನ ಪೆಟ್ಟಿಗೆ ನೀರಿನ ಮೇಲೆ ಹಗುರವಾಗಿ ತೊನೆಯುತ್ತದೆ. ಅದನ್ನು ಕೂರಿಸಲು ನೆಲದಡಿ ಫುಟ್‌ಪಾತಿನ ಕಾಂಕ್ರೀಟ್ ಹಾಸು, ಇಟ್ಟಿಗೆ ಜೋಡಿಸುತ್ತಾರೆ. ಎಡಕ್ಕೆ ಅಡುಗೆ ಒಲೆ, ನೀರಿನ ಟ್ಯಾಂಕು ಬಂದರೆ ಬಲಕ್ಕೆ ಅಷ್ಟೇ ಭಾರ ಇಡಬೇಕು, ಇಲ್ಲದಿದ್ದರೆ ದೋಣಿ ಜೀವಮಾನವೆಲ್ಲ ವಾಲಿಕೊಂಡೇ ಓಡುತ್ತದೆ. ಉಕ್ಕು ಬೆವರುವುದರಿಂದ ಗೋಡೆಗೆ ಚಳಿ ತಡೆಯುವ ಪದರ, ಅದರ ಮೇಲೆ ಪ್ಲೈವುಡ್, ಎರಡಂತಸ್ತಿನ ಮಲಗುವ ಹಲಗೆಗಳು.

ಎಂಜಿನ್ನಿಗೆ ಹೊಸದನ್ನು ಕೊಳ್ಳುವಷ್ಟು ಹಣ ಯಾವ ಸಂಘದಲ್ಲೂ ಇರುತ್ತಿರಲಿಲ್ಲ. ಹಳೆ ವ್ಯಾನು, ಟ್ಯಾಕ್ಸಿಗಳಿಂದ ಬಿಚ್ಚಿದ ಬಿಎಂಸಿ ಡೀಸೆಲ್ ಎಂಜಿನ್, ಇಲ್ಲವೇ ಲಿಸ್ಟರ್. ಗ್ಲಾಸ್ಟರ್‌ಶೈರಿನ ಡರ್ಸ್ಲಿ ಊರಿನ ಕಂಪನಿಯದು ಈ ಲಿಸ್ಟರ್. ಅದರ ಮಾದರಿಯ ನಿಧಾನಗತಿಯ ಎಂಜಿನ್ನುಗಳನ್ನು ರಾಜಕೋಟ್‌ನವರು ಮಾಡಿ ನಮ್ಮ ದೇಶದ ಹಿಟ್ಟಿನ ಗಿರಣಿ, ನೀರೆತ್ತುವ ಬಾವಿಗಳಿಗೆಲ್ಲ ಹಂಚಿದ್ದಾರೆ. ‘ಟಕ್ ಟಕ್’ ಸದ್ದು ಇಲ್ಲಿಯೂ ಗೊತ್ತಿರುವಂಥದ್ದೇ.

ಹೊರಗೆ, ನೀರಿನ ಮಟ್ಟದ ಕೆಳಗೆ, ಡಾಂಬರಿನಂಥ ಕಪ್ಪು ಬಣ್ಣ. ಮೇಲೆ ಗುಲಾಬಿ ಹೂ, ಕೋಟೆಗಳ ಚಿತ್ತಾರ. ಹಿಂದಿನ ದೋಣಿಗಾರ ಸಂಸಾರಗಳು ಬಕೆಟ್ಟಿನ ಮೇಲೆ, ಬಾಗಿಲ ಮೇಲೆ ಬಿಡಿಸುತ್ತಿದ್ದ ಚಿತ್ತಾರವದು. ಅಂಥ ಕೆಲಸವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಸಂಘಗಳದೇ ಜಾಣತನ ಎನ್ನುತ್ತೇನೆ. ತಾನು ಬಳಿದ ಬಣ್ಣವನ್ನು ಲಾಕಿನ ಕಲ್ಲಿಗೆ ಉಜ್ಜಲು ಯಾವ ಹುಡುಗನಿಗೂ ಮನಸ್ಸು ಬರುವುದಿಲ್ಲ.

12 ಎಂಬ ಸಂಖ್ಯೆ ಎಲ್ಲಿಂದ ಬಂತು? ಅಲ್ಲಿನ ನಿಯಮದ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ದೋಣಿ ‘ಪ್ರಯಾಣಿಕ ಹಡಗು’ ಎನಿಸಿಕೊಳ್ಳುತ್ತದೆ. ಆಗ ಕಡಲ ಸುರಕ್ಷತಾ ಇಲಾಖೆಯ ತಪಾಸಣೆ, ದುಬಾರಿ ಪ್ರಮಾಣಪತ್ರ, ಬೇರೆ ದರ್ಜೆಯ ಚಾಲಕ. ಸಂಘಗಳು 12ಕ್ಕೇ ನಿಂತವು. ಒಬ್ಬ ಮೇಷ್ಟರು ಕಣ್ಣಿಡಬಹುದಾದ ಗುಂಪೂ ಹೆಚ್ಚುಕಡಿಮೆ ಅಷ್ಟೇ ಆದದ್ದು ಅದೃಷ್ಟ.

ದೋಣಿಯ ಮೇಲೆ ಮಕ್ಕಳು ಮಾಡುವುದೇನು ಎಂದರೆ, ಹೆಚ್ಚಿನ ಪಾಲು ಕೆಲಸ. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ಬಿರುಸಾಗಿ ನಡೆಯುವವನು ದೋಣಿಯನ್ನು ಹಿಂದೆ ಹಾಕುತ್ತಾನೆ. ನಡುನಡುವೆ ಲಾಕು. ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ ಅದು. ಏರಬೇಕಾದರೆ ದೋಣಿಯನ್ನು ಒಳಗೆ ತಂದು ಹಿಂದಿನ ಬಾಗಿಲು ಮುಚ್ಚಿ, ಮೇಲಿನ ಬಾಗಿಲ ಬದಿಯ ಸಣ್ಣ ಕಿಂಡಿಗಳ ಮುಚ್ಚಳಗಳನ್ನು ಹಿಡಿಕೆ ತಿರುಗಿಸಿ ಎತ್ತಬೇಕು. ನೀರು ನುಗ್ಗಿ ದೋಣಿ ಮೇಲೇಳುತ್ತದೆ. ಒಳಗಿನ, ಹೊರಗಿನ ಮಟ್ಟ ಸಮವಾಗುವವರೆಗೆ ಯಾರು ಎಷ್ಟು ತಳ್ಳಿದರೂ ಬಾಗಿಲು ಕದಲುವುದಿಲ್ಲ; ಸಮವಾದೊಡನೆ ಹದಿಮೂರರ ಹುಡುಗಿ ಬೆನ್ನು ಕೊಟ್ಟು ಒರಗಿದರೆ ತೆರೆಯುತ್ತದೆ. ಬಲದಿಂದ ಎಲ್ಲವನ್ನೂ ಗೆಲ್ಲಬಹುದೆಂದುಕೊಂಡ ಹುಡುಗರಿಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಣ್ಣ ಲಾಕು ಒಮ್ಮೆ ತುಂಬಿ ಖಾಲಿಯಾದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗಿಳಿಯುತ್ತದೆ. ವೂಸ್ಟರ್ ಮತ್ತು ಬರ್ಮಿಂಗ್‌ಹ್ಯಾಮ್ ಕಾಲುವೆಯ ಟಾರ್ಡಿಬಿಗ್‌ನಲ್ಲಿ ಎರಡೂ ಕಾಲು ಮೈಲಿಯೊಳಗೆ ಇಂಥ 30 ಲಾಕುಗಳು ಸಾಲಾಗಿವೆ. ಅಲ್ಲಿ ದಿನವೆಲ್ಲ ಹಿಡಿಕೆ ತಿರುಗಿಸಿದವರು ರಾತ್ರಿ ಗಲಾಟೆ ಮಾಡುವುದು ಕಡಿಮೆ.

ಅಪಾಯವಿಲ್ಲವೆಂದಲ್ಲ. ಕಾಲುವೆಯ ಆಳ ಬಹಳ ಕಡೆ ನಾಲ್ಕಡಿಯ ಆಸುಪಾಸು. ಬಿದ್ದವರಿಗೆ ಹೇಳುವ ಮೊದಲ ಮಾತು ‘ಎದ್ದು ನಿಲ್ಲು’. ನಿಜವಾದ ಭಯ ಲಾಕಿನಲ್ಲಿ. ಇಳಿಯುವಾಗ ಮೇಲಿನ ಬಾಗಿಲ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದು ನೀರಿನಡಿ ಅಡಗಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಂಡರೆ ನೀರು ಇಳಿದಂತೆ ಮುಂಭಾಗ ಮಾತ್ರ ಕೆಳಗೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ದೋಣಿ ಮುಳುಗುತ್ತದೆ. ಆದ್ದರಿಂದ ಚುಕ್ಕಾಣಿ ಹಿಡಿದವನು, ಹಿಡಿಕೆ ಹಿಡಿದವಳು ಒಬ್ಬರನ್ನೊಬ್ಬರು ನೋಡುತ್ತಿರಲೇಬೇಕು. ಚುಕ್ಕಾಣಿಯ ಮರದ ಹಿಡಿಯೂ ತಿರುವುಮುರುವು: ಎಡಕ್ಕೆ ಹೋಗಬೇಕಾದರೆ ಬಲಕ್ಕೆ ತಳ್ಳಬೇಕು, 15 ಟನ್ನಿಗೂ ಹೆಚ್ಚಿನ ಉಕ್ಕು ಸ್ವಲ್ಪ ತಡೆದು ಉತ್ತರ ಕೊಡುತ್ತದೆ. ಊಟಕ್ಕೆ ಮೊದಲು ಕೈ ತೊಳೆಸುವುದರಲ್ಲಿ ರಿಯಾಯಿತಿ ಇಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಹೆದರುವ ಇಲಿ ಜ್ವರ ಅಲ್ಲಿನ ನೀರಿನಲ್ಲೂ ಇದೆ. ಇನ್ನು ಕಕ್ಕಸಿನ ಡಬ್ಬಿ ಖಾಲಿ ಮಾಡುವ ಸರದಿ. ತಂಡದ ನಾಯಕ ಯಾರೆಂಬುದು ಅಲ್ಲೇ ಗೊತ್ತಾಗುತ್ತದೆ.

ನೂರು ವರ್ಷದ ಹಿಂದಿನ ದೋಣಿ ಮಕ್ಕಳೂ ಇವೇ ಕೆಲಸ ಮಾಡುತ್ತಿದ್ದರು. ವ್ಯತ್ಯಾಸ ಇಷ್ಟೆ: ಅವರಿಗೆ ಶುಕ್ರವಾರ ಮನೆಗೆ ಹೋಗುವ ಅವಕಾಶ ಇರಲಿಲ್ಲ. ಹಳೆಯ ದೋಣಿ ಬದುಕನ್ನು ಹಾಡಿ ಹೊಗಳುವ ಸ್ವಯಂಸೇವಕರು ಇದನ್ನು ಆಗಾಗ ಮರೆಯುತ್ತಾರೆ.

ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕ ಈ ದೋಣಿಗಳಿಗೆ ಒಳ್ಳೆಯ ಕಾಲ, ಅದಕ್ಕೆ ಕಾರಣ ಮಾತ್ರ ಕೆಟ್ಟದ್ದು. 1982ರ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳು 30 ಲಕ್ಷ ದಾಟಿದರು. 1978ರಲ್ಲಿ ಯುವಕರಿಗೊಂದು ಯೋಜನೆ, 1983ರಲ್ಲಿ ಯೂತ್ ಟ್ರೈನಿಂಗ್ ಸ್ಕೀಮ್ ಎಂಬ ಇನ್ನೊಂದು. ಶಾಲೆ ಬಿಟ್ಟವರಿಗೆ ಕಸುಬು ಕಲಿಸುವ ಹಣ ಸರ್ಕಾರದಿಂದ ಬರುತ್ತಿತ್ತು, ವೆಲ್ಡಿಂಗ್, ಬಡಗಿ ಕೆಲಸ, ವೈರಿಂಗ್ ಮೂರನ್ನೂ ಒಂದೇ ಸೂರಿನಡಿ ಕಲಿಸಲು ದೋಣಿಗಿಂತ ಒಳ್ಳೆಯ ವಸ್ತು ಬೇಕೆ? ಅದೇ ವರ್ಷಗಳಲ್ಲಿ ಅಂಗವಿಕಲರಿಗಾಗಿ ದೋಣಿ ನಡೆಸುವ ಸಂಸ್ಥೆಗಳೂ ಹುಟ್ಟಿದವು: ಲಫ್‌ಬರೋದಲ್ಲಿ 1975ರ ಪೀಟರ್ ಲ ಮಾರ್ಷಾಂಟ್ ಟ್ರಸ್ಟ್, ಸ್ಕಾಟ್ಲೆಂಡಿನಲ್ಲಿ 1978ರ ಸೀಗಲ್ ಟ್ರಸ್ಟ್. ಆಮೇಲೆ ಒಂದೊಂದೇ ಆಸರೆ ಕಳಚಿತು. ಲಂಡನ್ನಿನ ಸಂಘಗಳಿಗೆ ನೆರವಾಗುತ್ತಿದ್ದ ಮಹಾನಗರ ಆಡಳಿತವನ್ನು 1986ರಲ್ಲಿ, ಶಿಕ್ಷಣ ಪ್ರಾಧಿಕಾರವನ್ನು 1990ರಲ್ಲಿ ಸರ್ಕಾರ ಮುಚ್ಚಿತು. 2010ರ ನಂತರ ಪೌರಾಡಳಿತಗಳು ಎಲ್ಲಕ್ಕಿಂತ ಮೊದಲು ಕತ್ತರಿ ಹಾಕಿದವುಗಳಲ್ಲಿ ಯುವಕರ ಮೇಲಿನ ಖರ್ಚೂ ಸೇರಿದೆ.

ದೋಣಿ ಕಟ್ಟುವಾಗ ದಾನ ಸಿಗುತ್ತದೆ, ಪತ್ರಿಕೆಯವರು ಬರುತ್ತಾರೆ, ಮೇಯರ್ ಬಂದು ಬಾಟಲಿ ಒಡೆಯುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದೆತ್ತಿ ತಳ ಕೆರೆದು ಕಪ್ಪು ಬಳಿಯುವ ಕೆಲಸಕ್ಕೆ ಯಾರೂ ಬರುವುದಿಲ್ಲ. ಉಕ್ಕಿನ ಬದಲು ತಾವು ಸವೆದುಹೋಗಲೆಂದು ನೀರಿನಡಿಯ ಹೊರಮೈಗೆ ಬೆಸೆದಿರುವ ಮೆಗ್ನೀಸಿಯಂ ಗಟ್ಟಿಗಳನ್ನು ಬದಲಿಸಬೇಕು. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ, ವರ್ಷವರ್ಷ ವಿಮೆ, 2012ರಿಂದ ಬಹುಪಾಲು ಕಾಲುವೆಗಳ ಉಸ್ತುವಾರಿ ವಹಿಸಿಕೊಂಡಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ಗೆ ಪರವಾನಗಿ ಶುಲ್ಕ. ಮೂವತ್ತು ವರ್ಷ ಓಡಿದ ದೋಣಿಯ ಪಕ್ಕದ ಹಾಳೆ 6 ಮಿಲಿಮೀಟರಿನಿಂದ 4ಕ್ಕಿಳಿದಿದ್ದರೆ ಮೇಲೆ ಹೊಸ ಹಾಳೆ ಬೆಸೆಯಬೇಕು, ಅದಕ್ಕೆ ಒಳಗಿನ ಮರಗೆಲಸವನ್ನೂ ಕೆಲವೊಮ್ಮೆ ಬಿಚ್ಚಬೇಕು. ಉಳಿದುಕೊಂಡ ಸಂಘಗಳನ್ನು ಗಮನಿಸಿದರೆ, ಕಟ್ಟಿದವರಿಗಿಂತ ಈ ಕೆರೆಯುವವರು ಬಲವಾಗಿದ್ದ ಕಡೆ ಅವು ಉಳಿದಿವೆ.

ವಿನ್ಯಾಸದಲ್ಲೂ ಹೊಸ ತಕರಾರುಗಳಿವೆ. ಗಾಲಿಕುರ್ಚಿಯ ಮಗುವೂ ಬರಬೇಕೆಂದರೆ ಏಳಡಿ ಸಾಲದು. ಲಂಡನ್ನಿನ ಸಂಘಗಳು ಅಗಲ ದೋಣಿಗೆ ಹೊರಳಬಹುದು. ರೀಜೆಂಟ್ಸ್ ಕಾಲುವೆಯ ಲಾಕುಗಳು 14 ಅಡಿಗೂ ಹೆಚ್ಚು ಅಗಲ. ಬರ್ಮಿಂಗ್‌ಹ್ಯಾಮಿನವರಿಗೆ ಆ ದಾರಿ ಇಲ್ಲ. ಅವರು ಬದಿಯಲ್ಲೊಂದು ಲಿಫ್ಟ್ ಕೂರಿಸಿ, ಹಲಗೆಗಳನ್ನು ಕಡಿಮೆ ಮಾಡಿ, 12ರ ಜಾಗದಲ್ಲಿ ಎಂಟು ಹತ್ತು ಮಕ್ಕಳನ್ನು ಒಯ್ಯುತ್ತಾರೆ. ತಲಾ ಖರ್ಚು ಏರುತ್ತದೆ. ಡೀಸೆಲ್ ಬಿಟ್ಟು ಬ್ಯಾಟರಿಗೆ ಹೋಗೋಣವೆಂದರೆ ದಡದಲ್ಲಿ ಚಾರ್ಜ್ ಮಾಡುವ ಜಾಗಗಳು ವಿರಳ.

ಇದೆಲ್ಲಕ್ಕಿಂತ ತುರ್ತಿನದು ಆಳುಗಳ ಕೊರತೆ. ಮಕ್ಕಳನ್ನು ಒಯ್ಯುವ ದೋಣಿಗೆ ತರಬೇತಿ ಪಡೆದ ಚಾಲಕ ಬೇಕು. ಕಮ್ಯುನಿಟಿ ದೋಣಿಗಳ ರಾಷ್ಟ್ರೀಯ ಒಕ್ಕೂಟ ಅದಕ್ಕೆಂದೇ ಪರೀಕ್ಷೆ, ಪ್ರಮಾಣಪತ್ರ ಇಟ್ಟಿದೆ. ಮಕ್ಕಳ ಜೊತೆಗಿರುವವರ ಪೂರ್ವಾಪರದ ತನಿಖೆಯೂ ಆಗಬೇಕು. ಶಾಲೆಗಳು ದೋಣಿ ಕೇಳುವುದು ವಾರದ ನಡುವೆ, ದುಡಿಯುವ ವಯಸ್ಸಿನವರಿಗೆ ಬಿಡುವಿರುವುದು ವಾರದ ಕೊನೆಗೆ. ಹಾಗಾಗಿ ಚುಕ್ಕಾಣಿ ಬಹಳ ಕಡೆ ನಿವೃತ್ತರ ಕೈಯಲ್ಲಿದೆ. ಸಂಘಗಳ ಸೂಚನಾ ಫಲಕಗಳಲ್ಲಿ ಈಗ ಹಾಕಿರುವ ಕೋರಿಕೆ ದಾನಕ್ಕಾಗಿಯೋ ಬಡಗಿಗಾಗಿಯೋ ಅಲ್ಲ. ಮಂಗಳವಾರ, ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಬರಬಲ್ಲವರಿಗಾಗಿ.